ಒಹಾನಾ, ವಕ್ನಿನ್, ಅಸೂಲಿನ್: ಮೊರಾಕೊದ ಯಹೂದಿಗಳಿಗೆ ಬರ್ಬರ್ ಹೆಸರು ಬಂದದ್ದು ಹೇಗೆ?

ಕಡಲತಡಿ
ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವಳು. ಇಸ್ರೇಲಿನ ಅಶ್ದೋದ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಾನಿರುವ ಮನೆಯ ಅಜ್ಜಿ ಮೊರಾಕೊದವರು, ಅಟ್ಲಾಸ್ ಬೆಟ್ಟಗಳ ಆಚೆಯ ಊರು. ನಮ್ಮ ಕಟ್ಟಡದ ಕೆಳಗೆ ಟಪಾಲು ಡಬ್ಬಿಗಳ ಸಾಲಿದೆ. ಅದರ ಮೇಲಿನ ಹೆಸರುಗಳನ್ನು ಓದಿ ಓದಿ ಬಾಯಿಪಾಠ ಆಗಿದೆ: ಒಹಾನಾ, ಒಹಾಯೋನ್, ವಕ್ನಿನ್, ಅಸೂಲಿನ್, ಅಜುಲೈ, ಇಫರ್ಗಾನ್. ಇವು ಹೀಬ್ರೂ ಹೆಸರುಗಳ ಹಾಗೆ ಕೇಳಿಸುವುದಿಲ್ಲ. ಅಜ್ಜಿಯನ್ನು ಕೇಳಿದರೆ "ಅದು ಶ್ಲೂಹ್ ಜನರ ಮಾತು" ಎನ್ನುತ್ತಾರೆ. ಶ್ಲೂಹ್ ಅಂದರೆ ಅಲ್ಲಿನ ಬರ್ಬರರು, ಅರಬ್ಬರು ಬರುವ ಮೊದಲೇ ಉತ್ತರ ಆಫ್ರಿಕಾದಲ್ಲಿದ್ದ ಮೂಲ ಜನ ಅಂತ ಆಮೇಲೆ ಗೊತ್ತಾಯಿತು.

ನನ್ನ ಪ್ರಶ್ನೆ ಇಷ್ಟೇ. ಯಹೂದಿಗಳಿಗೆ ಬರ್ಬರ್ ಹೆಸರು ಯಾಕೆ? ಬರ್ಬರರೇ ಹಿಂದೆ ಯಹೂದಿ ಧರ್ಮಕ್ಕೆ ಸೇರಿದರಾ? ಅಥವಾ ಯಹೂದಿಗಳು ಅಲ್ಲಿಗೆ ಹೋಗಿ ಆ ಹೆಸರುಗಳನ್ನು ಇಟ್ಟುಕೊಂಡರಾ?

ಶಾಸನಪ್ರಿಯ
ಒಳ್ಳೆ ಪ್ರಶ್ನೆ ಮೇಡಂ. ಮೊದಲು ಆ 'ಒ' ನೋಡಿ. ಬರ್ಬರ್ ಭಾಷೆಗಳಲ್ಲಿ 'ಉ' ಅಂದರೆ ಇಂಥವರ ಮಗ. ಬೇರೆ ಬೇರೆ ಲಿಪಿಗಳಲ್ಲಿ ಬರೆಯುತ್ತಾ ಬರೆಯುತ್ತಾ ಅದೇ ಎಲ್ಲೋ 'ಒ' ಆಯಿತು, ಎಲ್ಲೋ 'ವ' ಆಯಿತು. ಒಹಾನಾ ಅಂದರೆ ಹನ್ನಾ ಎಂಬುವರ ಮಗ. ಒಹಾಯೋನ್ ಅಂದರೆ ಹಾಯೋನ್ ಎಂಬುವನ ಮಗ. ಹಾಯೋನ್ ಅನ್ನುವುದು ಹೀಬ್ರೂವಿನ ಹಾಯಿಮ್ ಹೆಸರಿಗೆ ಸಂಬಂಧಿಸಿದ್ದು, ಬದುಕು ಅಂತ ಅರ್ಥ.

ಈಗ ಪಕ್ಕದ ಅಲ್ಜೀರಿಯಾಕ್ಕೆ ಬನ್ನಿ. ಅಲ್ಲಿ ಪ್ರಧಾನಿಯಾಗಿದ್ದ ಅಹ್ಮದ್ ಊಯಹಿಯಾ ಕಬೈಲ್ ಬರ್ಬರ್ (ಉತ್ತರ ಅಲ್ಜೀರಿಯಾದ ಬೆಟ್ಟಗಳ ಬರ್ಬರರು), ಮುಸ್ಲಿಂ. ಹೆಸರು ಬಿಡಿಸಿದರೆ ಊ, ಯಹಿಯಾ. ಯಹಿಯಾ ಅರಬ್ಬಿ ಹೆಸರು, ಅದರಲ್ಲೂ ಬದುಕು ಎಂಬ ಅರ್ಥವೇ ಇದೆ. ಅಂದರೆ ಒಬ್ಬರ ಒಳಗೆ ಹೀಬ್ರೂ ಹೆಸರು, ಇನ್ನೊಬ್ಬರ ಒಳಗೆ ಅರಬ್ಬಿ ಹೆಸರು, ಇಬ್ಬರ ಮುಂದೆಯೂ ಬರ್ಬರಿನ 'ಉ'.

ವಕ್ನಿನ್ ಕೂಡ ಹೀಗೆಯೇ. ಉ, ಅಕ್ನಿನ್. ಸುಮಾರು 12ನೇ ಶತಮಾನದಲ್ಲಿ ಯೋಸೆಫ್ ಇಬ್ನ್ ಅಕ್ನಿನ್ ಎಂಬ ಯಹೂದಿ ವಿದ್ವಾಂಸ ಮೊರಾಕೊದ ಫೆಜ್ ನಗರದಲ್ಲಿದ್ದ. ಅವನದು ಅರಬ್ಬಿಯ 'ಇಬ್ನ್', ಇವರದು ಬರ್ಬರಿನ 'ಉ'. ಎರಡೂ ಅಕ್ನಿನ್‌ನ ಮಗನೇ.

ಹುಬ್ಳಿ ಮಂದಿ
ಇದರಾಗೆ ಪ್ರಶ್ನೆ ಏನಿದೆ ನೋಡ್ರಿ. ಬರ್ಬರರೇ ಮತಾಂತರ ಆಗಿದ್ದಾರೆ. ಕಾಹಿನಾ ರಾಣಿ ಹೆಸರು ಕೇಳಿಲ್ಲವಾ? ಅರಬ್ಬರ ಸೈನ್ಯವನ್ನು ಎದುರಿಸಿದ ಬರ್ಬರ್ ರಾಣಿ. ಯಹೂದಿ. ಕಾಹಿನಾ, ಕೊಹೆನ್ (ಯಹೂದಿ ಪುರೋಹಿತ). ಹೆಸರೇ ಹೇಳುತ್ತದೆ.

ಮೇಷ್ಟ್ರು
ಹುಬ್ಳಿಯವರೇ, ಸ್ವಲ್ಪ ನಿಧಾನ. ಕಾಹಿನಾ ಅವಳ ಹೆಸರಲ್ಲ. ಕಣಿ ಹೇಳುವವಳು ಅಂತ ಅರಬ್ಬರು ಕೊಟ್ಟ ಬಿರುದು. ಅವಳ ಹೆಸರು ದಿಹ್ಯಾ ಅಂತ ಹೇಳುತ್ತಾರೆ. ಕೊಹೆನ್ ಜೊತೆ ಸದ್ದು ಹೊಂದುತ್ತದೆ, ಯಾಕೆಂದರೆ ಅರಬ್ಬಿ ಮತ್ತು ಹೀಬ್ರೂ ಒಂದೇ ಮನೆತನದ ಭಾಷೆಗಳು. ಅದರಿಂದ ಅವಳ ಧರ್ಮ ಗೊತ್ತಾಗುವುದಿಲ್ಲ.

ಅವಳು ಸತ್ತದ್ದು ಸುಮಾರು 700ನೇ ಇಸವಿಯ ಆಚೀಚೆ. ಅವಳ ಜರಾವಾ ಪಂಗಡ ಯಹೂದಿ ಧರ್ಮದಲ್ಲಿತ್ತು ಎಂಬ ಮಾತಿಗೆ ಎಲ್ಲರೂ ತೋರಿಸುವುದು ಉತ್ತರ ಆಫ್ರಿಕಾದ ಇತಿಹಾಸಕಾರ ಇಬ್ನ್ ಖಲ್ದೂನನನ್ನು. ಅವನು ಹುಟ್ಟಿದ್ದು 1332ರಲ್ಲಿ. ನಡುವೆ ಆರು ನೂರಕ್ಕೂ ಹೆಚ್ಚು ವರ್ಷ. ಅವನು ಕೂಡ ಕೆಲವು ಪಂಗಡಗಳು ಯಹೂದಿ ಧರ್ಮದಲ್ಲಿದ್ದಿರಬಹುದು ಅಂತ ಹೇಳಿದ್ದೇ ಹೊರತು ಇದ್ದವು ಅಂತ ಅಲ್ಲ. ಆ 'ಬಹುದು' ಆಮೇಲೆ ಬರೆದವರ ಕೈಯಲ್ಲಿ ಕಳೆದುಹೋಯಿತು. ಅವಳು ಕ್ರೈಸ್ತಳು ಎಂದು ವಾದಿಸುವ ಇತಿಹಾಸಕಾರರೂ ಇದ್ದಾರೆ.

ಹುಬ್ಳಿ ಮಂದಿ
ಸರ್, ಬೆಂಕಿ ಇಲ್ಲದೆ ಹೊಗೆ ಬರುತ್ತದಾ? ಇಬ್ನ್ ಖಲ್ದೂನ್ ಏನೂ ಸುಮ್ನೆ ಬರೆಯುವ ಮನುಷ್ಯ ಅಲ್ಲ. ಮತಾಂತರ ಆಗಲೇ ಇಲ್ಲ ಅಂತ ನೀವು ಹೇಳೋಕೆ ಆಗಲ್ಲ.

ಮೇಷ್ಟ್ರು
ಆಗಲೇ ಇಲ್ಲ ಅಂತ ನಾನು ಹೇಳಲಿಲ್ಲ. ಅಲ್ಲಲ್ಲಿ ಕೆಲವರು ಸೇರಿರಬಹುದು. ಆದರೆ ಒಹಾನಾ ಎಂಬ ಹೆಸರು ಅದಕ್ಕೆ ಸಾಕ್ಷಿ ಅಲ್ಲ. ಆ ಕುಟುಂಬ ಹೆಸರು ಇಟ್ಟುಕೊಂಡ ಕಾಲಕ್ಕೆ ಸುತ್ತಲಿನ ಊರಿನಲ್ಲಿ ಯಾವ ಮಾತು ನಡೆಯುತ್ತಿತ್ತು ಎನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಮುತ್ತಜ್ಜ ಎಲ್ಲಿಂದ ಬಂದ ಎನ್ನುವುದು ಬೇರೆಯೇ ಪ್ರಶ್ನೆ.

ಪ್ಯಾರಿಸ್ ಕನ್ನಡತಿ
ಒಂದು ಮಾತು. ಬರ್ಬರ್ ಅನ್ನುವುದು ಹೊರಗಿನವರು ಕೊಟ್ಟ ಹೆಸರು, ಗ್ರೀಕ್ ಮತ್ತು ಲ್ಯಾಟಿನ್ ಕಡೆಯಿಂದ ಬಂದದ್ದು, ಒರಟರು ಎಂಬ ಅರ್ಥದಲ್ಲಿ. ಅವರು ತಮ್ಮನ್ನು ಅಮಾಜಿಘ್ ಎಂದು ಕರೆದುಕೊಳ್ಳುತ್ತಾರೆ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಕಬೈಲ್ ಹುಡುಗಿಯ ಮುಂದೆ ಬರ್ಬರ್ ಅಂದರೆ ತಕ್ಷಣ ತಿದ್ದುತ್ತಾಳೆ.

ಕಡಲತಡಿ
ಥ್ಯಾಂಕ್ಸ್ ಅಕ್ಕ, ಗೊತ್ತಿರಲಿಲ್ಲ. ಹಾಗಾದರೆ ಅಸೂಲಿನ್, ಇಫರ್ಗಾನ್ ಏನು? ಅವುಗಳಲ್ಲಿ 'ಉ' ಇಲ್ಲವಲ್ಲ.

ಪ್ಯಾರಿಸ್ ಕನ್ನಡತಿ
ಅವು ಅಮಾಜಿಘ್ ಭಾಷೆಯ ದಿನಬಳಕೆಯ ಪದಗಳು. ಅಸೂಲಿನ್ ಬಂಡೆ ಎಂಬ ಅರ್ಥದ ಪದದಿಂದ ಬಂತು ಅನ್ನುತ್ತಾರೆ. ಇಫರ್ಗಾನ್ ಅಂದರೆ ಬೇಲಿಗಳು. ಅಜೆನ್ಕೋಟ್ ಅಂತ ಇನ್ನೊಂದಿದೆ, ಜಿಂಕೆ. ಅಫ್ಲಾಲೊ ಅಂದರೆ ತಾಫಿಲಾಲ್ತ್ ಕಡೆಯವನು. ಅದು ಸಹಾರಾದ ಅಂಚಿನಲ್ಲಿರುವ ಖರ್ಜೂರದ ತೋಟಗಳ ಸೀಮೆ.

ನನಗೆ ತುಂಬಾ ಇಷ್ಟವಾದ ಹೆಸರು ಅಮ್ಜಲ್ಲಾಗ್. ಅದನ್ನು ಕೊರಳ ಸರದ ಜೊತೆ ಜೋಡಿಸುತ್ತಾರೆ. ಅಟ್ಲಾಸ್ ಊರುಗಳಲ್ಲಿ ಬೆಳ್ಳಿ ಕೆಲಸ ಬಹುಮಟ್ಟಿಗೆ ಯಹೂದಿ ಅಕ್ಕಸಾಲಿಗರ ಕೈಯಲ್ಲೇ ಇತ್ತು. ಅಮಾಜಿಘ್ ಹೆಂಗಸರು ಮೇಲುಹೊದಿಕೆಯನ್ನು ಎರಡೂ ಹೆಗಲಿನ ಹತ್ತಿರ ಸಿಕ್ಕಿಸಲು ಬಳಸುವ ಪಿನ್ನು ನೋಡಿದ್ದೀರಾ? ದೊಡ್ಡ ತ್ರಿಕೋನದ ಬೆಳ್ಳಿ ಬಿಲ್ಲೆ, ಕೆಳಗೆ ಚೂಪಾದ ಮುಳ್ಳು, ಎರಡನ್ನೂ ಜೋಡಿಸುವ ಸರಪಳಿ, ಕೆಲವಕ್ಕೆ ಹಸಿರು ಹಳದಿ ಮೀನಾಕಾರಿ. ಇಲ್ಲಿನ ಮ್ಯೂಸಿಯಂನಲ್ಲಿ ಗಾಜಿನ ಹಿಂದೆ ಇಟ್ಟಿದ್ದಾರೆ. ಮುಸ್ಲಿಂ ಮದುಮಗಳ ಮೈಮೇಲಿನ ಬೆಳ್ಳಿಯನ್ನು ಯಹೂದಿ ಅಕ್ಕಸಾಲಿಗ ಮಾಡುತ್ತಿದ್ದ. ಅಳತೆ, ಬೆಲೆ, ಚೌಕಾಸಿ ಎಲ್ಲ ಅವಳ ಭಾಷೆಯಲ್ಲೇ ನಡೆಯಬೇಕಿತ್ತಲ್ವಾ? ಅವನ ಹೆಸರೂ ಅದೇ ಭಾಷೆಯಲ್ಲಿ ಬಂದರೆ ಆಶ್ಚರ್ಯ ಏನಿದೆ?

ತುಂಗಾತೀರ
ಅಜುಲೈ ಸುಲಭ. ಅಮಾಜಿಘ್ ಭಾಷೆಯಲ್ಲಿ ನಮಸ್ಕಾರಕ್ಕೆ 'ಅಜುಲ್' ಅನ್ನುತ್ತಾರೆ. ಯೂಟ್ಯೂಬಿನಲ್ಲಿ ಎಲ್ಲರೂ ಹಾಗೇ ಶುರು ಮಾಡುತ್ತಾರೆ.

ಶಾಸನಪ್ರಿಯ
ತುಂಗಾತೀರ ಅವರೇ, ಅದನ್ನು ನಾನು ಒಪ್ಪುವುದಿಲ್ಲ. ಆ ನಮಸ್ಕಾರವನ್ನು ಎಲ್ಲ ಕಡೆ ಹರಡಿದ್ದು 20ನೇ ಶತಮಾನದ ಅಮಾಜಿಘ್ ಚಳವಳಿ. ಅಜುಲೈ ಹೆಸರು ಅದಕ್ಕಿಂತ ತುಂಬಾ ಹಳೆಯದು. ಅಬ್ರಹಾಂ ಅಜುಲೈ ಎಂಬ ರಬ್ಬಿ (ಯಹೂದಿ ಧರ್ಮಗುರು) 16ನೇ ಶತಮಾನದಲ್ಲೇ ಫೆಜ್‌ನಲ್ಲಿ ಹುಟ್ಟಿದವನು. ಅವನ ಮನೆತನ ಸ್ಪೇನಿನಿಂದ ಹೊರಹಾಕಿಸಿಕೊಂಡು ಬಂದದ್ದು. ಹಾಗಾಗಿ ಸ್ಪ್ಯಾನಿಷ್‌ನ ನೀಲಿ ಬಣ್ಣದ ಪದ 'ಅಸುಲ್' ಜೊತೆ ಜೋಡಿಸುವವರಿದ್ದಾರೆ. ಚೆಲುವು, ಒಳ್ಳೆಯದು ಎಂಬ ಅರ್ಥದ ಅಮಾಜಿಘ್ ಪದ ಅನ್ನುವವರೂ ಇದ್ದಾರೆ. ಮೂರನೆಯ ಕಥೆ ಇನ್ನೂ ಬೇರೆ. ಬೈಬಲ್ಲಿನ ಯಾಜಕಕಾಂಡದ 21ನೇ ಅಧ್ಯಾಯದಲ್ಲಿ ಪುರೋಹಿತ ಎಂಥವಳನ್ನು ಮದುವೆಯಾಗಬಾರದು ಎಂಬ ವಚನವಿದೆ. ಅದರ ಪದಗಳ ಮೊದಲಕ್ಷರ ಸೇರಿಸಿದರೆ ಈ ಹೆಸರು ಬರುತ್ತದೆ ಅಂತ. ಇದು ಹೆಸರು ಬಂದಮೇಲೆ ಹುಟ್ಟಿದ ಕಥೆ ಅಂತಲೇ ನನಗೆ ಅನಿಸುತ್ತದೆ.

ತುಂಗಾತೀರ
ಮೂರೂ ಇರಬಹುದಲ್ಲ ಸರ್. ಬೇರೆ ಬೇರೆ ಕುಟುಂಬಕ್ಕೆ ಬೇರೆ ಬೇರೆ ದಾರಿಯಲ್ಲಿ ಅದೇ ಹೆಸರು ಬಂದಿರಬಾರದಾ?

ಶಾಸನಪ್ರಿಯ
ಬಂದಿರಬಹುದು. ಅದಕ್ಕೇ ಹೇಳಿದ್ದು, ಒಂದೇ ಹೆಸರು ಹಿಡಿದು ವಾದ ಮಾಡಬೇಡಿ ಅಂತ. ಗುಂಪಾಗಿ ನೋಡಬೇಕು. 1492ರಲ್ಲಿ ಸ್ಪೇನಿನಿಂದ ಬಂದವರ ಹೆಸರು ತೊಲೆದಾನೊ, ಬೆರ್ದುಗೊ, ಪಿಂಟೊ, ಕೋರ್ಕೋಸ್. ತೊಲೆದಾನೊ ಅಂದರೆ ತೊಲೆದೊ ಊರಿನವರು. ಇವರು ಜಾಸ್ತಿ ನೆಲೆಸಿದ್ದು ಫೆಜ್, ಮೆಕ್ನೆಸ್, ತೆತ್ವಾನ್ ಥರದ ಉತ್ತರದ ನಗರಗಳಲ್ಲಿ. 'ಉ' ಹೆಸರಿನವರ ಬೇರು ದಕ್ಷಿಣದಲ್ಲಿ: ಅಟ್ಲಾಸ್, ಸೂಸ್, ದ್ರಾ ಕಣಿವೆ. ಮೊದಲಿಂದ ಇದ್ದವರನ್ನು ತೋಶಾವಿಮ್ ಎಂದೂ ಹೊಸದಾಗಿ ಬಂದವರನ್ನು ಮೆಗೊರಾಶಿಮ್ ಎಂದೂ ಅವರೇ ಕರೆದುಕೊಳ್ಳುತ್ತಿದ್ದರು. ಫೆಜ್‌ನಲ್ಲಿ ಮದುವೆ ಕರಾರು, ಮಾಂಸದ ನಿಯಮ ಎಲ್ಲದಕ್ಕೂ ಇಬ್ಬರಿಗೂ ಜಗಳ ಆಗಿತ್ತು.

ಬೆಳಗಾವಿಯಿಂದ
ಇದನ್ನು ಓದುತ್ತಿದ್ದರೆ ನಮ್ಮ ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ನೆನಪಾಗುತ್ತಾರೆ. ಅವರ ಅಡ್ಡಹೆಸರು ಪೆಣಕರ್, ದಿವೇಕರ್, ಕೇಹಿಮ್ಕರ್. ಊರ ಹೆಸರಿನ ಕೊನೆಗೆ 'ಕರ್'. ಕಾರವಾರ, ಬೆಳಗಾವಿ ಕಡೆ ನಾವು ದಿನಾ ಕೇಳುವ ಹೆಸರುಗಳ ಥರವೇ. ಗಂಡಸರ ಹೆಸರೂ ಸ್ಯಾಮುಯೆಲ್ ಹೋಗಿ ಸಾಮಾಜಿ, ಮೋಸೆಸ್ ಹೋಗಿ ಮೂಸಾಜಿ. ಗಾಣ ಅವರ ಕಸುಬು, ಶನಿವಾರ ಯಹೂದಿಗಳಿಗೆ ಕೆಲಸ ಮಾಡದ ದಿನ. ಹೆಸರು ಮರಾಠಿ ಆಯಿತು ಅಂತ ಅವರು ಶನಿವಾರ ಎಣ್ಣೆ ತೆಗೆಯದೆ ಇರುವುದೇನೂ ಬದಲಾಗಲಿಲ್ಲ. ಶನಿವಾರ ತೇಲಿ, ಅಂದರೆ ಶನಿವಾರದ ಗಾಣಿಗರು ಅಂತಲೇ ಊರವರು ಅವರನ್ನು ಕರೆಯುತ್ತಿದ್ದರು.

ಹುಬ್ಳಿ ಮಂದಿ
ಆದರೆ ಅವರೂ ಅಲ್ಲಿನ ಹೆಣ್ಣುಮಕ್ಕಳನ್ನು ಮದುವೆ ಆಗಿರಬಹುದಲ್ಲ. ರಕ್ತ ಪರೀಕ್ಷೆ ಏನು ಹೇಳುತ್ತದೆ?

ಮಲ್ನಾಡ್ ಓದುಗ
ಉತ್ತರ ಆಫ್ರಿಕಾದ ಯಹೂದಿಗಳ ಡಿಎನ್ಎ ಬಗ್ಗೆ 2012ರಲ್ಲಿ ದೊಡ್ಡ ಅಧ್ಯಯನ ಬಂತು. ಅವರು ಅಕ್ಕಪಕ್ಕದ ಮುಸ್ಲಿಮರಿಂದ ಬೇರೆಯೇ ಗುಂಪಾಗಿ ಕಾಣಿಸುತ್ತಾರೆ, ಬೇರೆ ಯಹೂದಿ ಸಮುದಾಯಗಳಿಗೆ ಹತ್ತಿರ ಇದ್ದಾರೆ. ಜೊತೆಗೆ ಸ್ಥಳೀಯರ ಬೆರಕೆಯೂ ಇದೆ, ಜಾಗದಿಂದ ಜಾಗಕ್ಕೆ ಹೆಚ್ಚು ಕಡಿಮೆ. ಇಡೀ ಪಂಗಡಗಳೇ ಮತಾಂತರ ಆದವು ಅನ್ನುವ ಕಥೆಗೆ ಅದು ಒತ್ತು ಕೊಡುವುದಿಲ್ಲ. ಯಾರೂ ಬೆರೆಯಲೇ ಇಲ್ಲ ಅನ್ನುವವರಿಗೂ ಅದು ಖುಷಿ ಕೊಡುವುದಿಲ್ಲ.

ಫುಟ್ಬಾಲ್ ಭಟ್ಟ
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಜಿದಾನ್ ಕೂಡ ಕಬೈಲ್ ಮನೆಯವನು, ಗೊತ್ತಾ?

ಪ್ಯಾರಿಸ್ ಕನ್ನಡತಿ
ಇಲ್ಲಿ ಎಲ್ಲರಿಗೂ ಗೊತ್ತು ಭಟ್ರೇ. ಆದರೆ ಕಬೈಲ್ ವಿಷಯ ಬಂತಲ್ಲ, ಹೆಸರಿನ ಬಗ್ಗೆಯೇ ಒಂದು ಹೇಳುತ್ತೇನೆ. ಇದಿರ್ ಅಂತ ಹೆಸರಾಂತ ಕಬೈಲ್ ಗಾಯಕ ಇದ್ದ, 2020ರಲ್ಲಿ ತೀರಿಕೊಂಡ. ಅದು ಅವನು ಇಟ್ಟುಕೊಂಡ ಹೆಸರು, ಹುಟ್ಟುಹೆಸರು ಹಮೀದ್. ಇದಿರ್ ಅಂದರೆ ಬದುಕುತ್ತಾನೆ. ಕೂಸುಗಳು ಉಳಿಯದ ಮನೆಯಲ್ಲಿ ಹುಟ್ಟಿದ ಮಗುವಿಗೆ ಇಡುವ ಹೆಸರು. ಮೊರಾಕೊ ಕಡೆ ಇದೇ ಹೆಸರು ಯಿದ್ದರ್. ಅದನ್ನು ಯಹೂದಿ ಮನೆಗಳಲ್ಲೂ ಇಡುತ್ತಿದ್ದರು.

ಅಕ್ಷರ ಅಜ್ಜಿ
ಅಯ್ಯೋ, ನಮ್ಮಲ್ಲಿ ಬಾಳಪ್ಪ ಅಂತ ಇಡುತ್ತಿದ್ದರಲ್ಲ, ಅದೇ ಅಲ್ವೇನಮ್ಮಾ! ನನ್ನ ಸೋದರಮಾವನ ಹೆಸರೇ ಬಾಳಪ್ಪ. ಅವನಿಗಿಂತ ಮುಂಚೆ ಹುಟ್ಟಿದ ಎರಡು ಕೂಸು ಉಳಿದಿರಲಿಲ್ಲ.

ಶಾಸನಪ್ರಿಯ
ಅಜ್ಜಿ ಹೇಳಿದ್ದು ಸರಿಯಾಗಿದೆ. ಈಗ ಒಹಾಯೋನ್, ಊಯಹಿಯಾ, ಯಿದ್ದರ್ ಮೂರನ್ನೂ ಪಕ್ಕಪಕ್ಕ ಇಡಿ. ಹೀಬ್ರೂ, ಅರಬ್ಬಿ, ಅಮಾಜಿಘ್. ಮೂರರಲ್ಲೂ ಅದೇ ಆಸೆ, ಮಗು ಬದುಕಲಿ. ಅಕ್ಕಪಕ್ಕದ ತಾಯಂದಿರಿಗೆ ಒಂದೇ ಭಯ ಇತ್ತು. ಮತಾಂತರದ ಚರ್ಚೆಗಿಂತ ನನಗೆ ಇದೇ ದೊಡ್ಡ ಸಂಬಂಧ ಅನಿಸುತ್ತದೆ.

ಕಡಲತಡಿ
ನಿನ್ನೆ ಅಜ್ಜಿ ಒಬ್ಬ ಸಂತನಿಗೆ ಮೇಣದಬತ್ತಿ ಹಚ್ಚಿದರು. ರಬ್ಬಿ ದಾವಿದ್ ಉ ಮೋಶೆ ಅಂತೆ. ಪಕ್ಕದ ಮನೆಯ ಹುಡುಗ "ಅದು ಇಬ್ಬರು ಸಂತರು, ದಾವಿದ್ ಮತ್ತು ಮೋಶೆ" ಅಂದ. ಅಜ್ಜಿಗೆ ಸಿಟ್ಟೇ ಬಂತು. ಒಬ್ಬನೇ ಅಂತೆ. ಇಲ್ಲೂ ಅದೇ 'ಉ' ಇದೆಯಾ?

ಶಾಸನಪ್ರಿಯ
ಅಜ್ಜಿಯದೇ ಸರಿ! ಹೀಬ್ರೂನಲ್ಲಿ 'ಉ' ಅಂದರೆ 'ಮತ್ತು'. ಆ ಹುಡುಗ ಹೀಬ್ರೂ ಕಿವಿಯಲ್ಲಿ ಕೇಳಿದ. ಅಜ್ಜಿ ಅಮಾಜಿಘ್ ಕಿವಿಯಲ್ಲಿ ಕೇಳಿದರು: ಮೋಶೆಯ ಮಗ ದಾವಿದ್. ಅವನ ಸಮಾಧಿ ಅಟ್ಲಾಸ್‌ನಲ್ಲಿ, ಮರ್ರಾಕೆಶ್‌ನಿಂದ ವರ್ಜಾಜಾತ್‌ಗೆ ಹೋಗುವ ದಾರಿಯಲ್ಲಿ ಸಿಗುವ ಅಗೂಯಿಮ್ ಹತ್ತಿರ ಇದೆ. ಹಬ್ಬಕ್ಕೆ ಈಗಲೂ ಜನ ಸೇರುತ್ತಾರೆ. ಇಸ್ರೇಲಿಗೆ ಬಂದವರು 1970ರ ದಶಕದಲ್ಲಿ ಸಫೇದ್‌ನ ಒಂದು ಮನೆಯಲ್ಲೇ ಅವನಿಗೆ ಗುಡಿ ಮಾಡಿಕೊಂಡರು. ಮೊರಾಕೊದಲ್ಲಿ ಯಹೂದಿಗಳೂ ಮುಸ್ಲಿಮರೂ ಹರಕೆ ಹೊರುತ್ತಿದ್ದ ಇಂಥ ಸಮಾಧಿಗಳು ಎಷ್ಟೋ ಇವೆ.

ತುಂಗಾತೀರ
ಭಾಷೆ ಬರೀ ಹೆಸರಿನಲ್ಲಿ ಮಾತ್ರ ಉಳಿಯಿತಾ? ಮನೆಯಲ್ಲಿ ಮಾತಾಡುತ್ತಿದ್ದರಾ?

ಮೇಷ್ಟ್ರು
ಮಾತಾಡುತ್ತಿದ್ದರು. ಬಹಳ ಕಡೆ ಮನೆಯಲ್ಲಿ ಯಹೂದಿ ಅರಬ್ಬಿ, ಸಂತೆಯಲ್ಲಿ ಅಮಾಜಿಘ್. ಕೆಲವು ಊರುಗಳಲ್ಲಿ ಪ್ರಾರ್ಥನೆಯ ವಿವರಣೆಗೂ ಅಮಾಜಿಘ್ ಬಳಸಿದ್ದಾರೆ. ತಿಂಗೀರ್ ಊರಿನಿಂದ ಪಾಸೋವರ್ ಹಬ್ಬದ ಹಗ್ಗಾದಾ, ಅಂದರೆ ಆ ರಾತ್ರಿ ಮನೆಯಲ್ಲಿ ಓದುವ ಪಠ್ಯ ಸಿಕ್ಕಿದೆ. ಭಾಷೆ ಅಮಾಜಿಘ್, ಅಕ್ಷರ ಹೀಬ್ರೂ. 1970ರಲ್ಲಿ ಅದನ್ನು ಅಚ್ಚು ಹಾಕಿದರು. ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ಕಥೆಯನ್ನು ಅಟ್ಲಾಸ್‌ನ ಮಾತಿನಲ್ಲಿ ಮಕ್ಕಳಿಗೆ ಹೇಳುತ್ತಿದ್ದರು ಅಂತ ಆಯಿತು. ಹೆಸರು ಸಾಕ್ಷಿ ಅನ್ನುವುದಾದರೆ ಇದು ಅದಕ್ಕಿಂತ ದೊಡ್ಡ ಸಾಕ್ಷಿ.

ಹುಬ್ಳಿ ಮಂದಿ
ಸರಿ, ಇದನ್ನು ಒಪ್ಪುತ್ತೇನೆ. ಆದರೂ ಯಹೂದಿಗಳು ಇಷ್ಟೊಂದು ಸುಲಭವಾಗಿ ಬೇರೆಯವರ ಹೆಸರು ತಗೊಂಡರು ಅಂದರೆ ನಂಬೋದು ಕಷ್ಟ. ಅವರು ಎಷ್ಟು ಕಟ್ಟುನಿಟ್ಟಿನ ಜನ.

ಮಲ್ನಾಡ್ ಓದುಗ
ವೊಲುಬಿಲಿಸ್ ನೋಡಿ. ಮೊರಾಕೊದಲ್ಲಿರುವ ರೋಮನ್ ಕಾಲದ ಪಾಳು ನಗರ. ಅಲ್ಲಿ ಸಿಕ್ಕ ಒಂದು ಹೀಬ್ರೂ ಸಮಾಧಿ ಕಲ್ಲಿನಲ್ಲಿ 'ರಬ್ಬಿ ಯೆಹೂದನ ಮಗಳು ಮಾತ್ರೋನಾ' ಅಂತ ಇದೆ. ಅಪ್ಪ ರಬ್ಬಿ, ಅಪ್ಪನ ಹೆಸರು ಪಕ್ಕಾ ಬೈಬಲ್ಲಿನದು, ಮಗಳಿಗೆ ಲ್ಯಾಟಿನ್ ಹೆಸರು. ಅಲ್ಲೇ ಸಿಕ್ಕ ಗ್ರೀಕ್ ಶಾಸನದಲ್ಲಿ ಯಹೂದಿ ಸಭೆಯ ಹಿರಿಯನ ಹೆಸರು ಕಾಯ್ಕಿಲಿಯಾನೋಸ್, ಅದೂ ರೋಮನ್ ಹೆಸರೇ. ಇಸ್ಲಾಂ ಬರುವ ಮೊದಲೇ ಈ ರೂಢಿ ಇತ್ತು.

ಅಕ್ಷರ ಅಜ್ಜಿ
ಹೆಣ್ಣುಮಕ್ಕಳ ಹೆಸರು ಯಾರೂ ಹೇಳಲೇ ಇಲ್ಲವಲ್ಲ. ಬರೀ ಇಂಥವನ ಮಗ, ಇಂಥವನ ಮಗ.

ಪ್ಯಾರಿಸ್ ಕನ್ನಡತಿ
ಅಜ್ಜೀ, ನೀವು ಕೇಳಿದ್ದೇ ಮುಖ್ಯ ಪ್ರಶ್ನೆ. ಗಂಡುಮಗುವಿಗೆ ಮುಂದೆ ಸಿನಗಾಗ್‌ನಲ್ಲಿ (ಯಹೂದಿ ಪ್ರಾರ್ಥನಾ ಮಂದಿರ) ಧರ್ಮಗ್ರಂಥ ತೋರಾ ಓದಲು ಕರೆಯುವಾಗ ಹೀಬ್ರೂ ಹೆಸರು ಬೇಕೇ ಬೇಕು. ಹೆಣ್ಣುಮಗುವಿಗೆ ಆ ಕಟ್ಟುಪಾಡು ಇರಲಿಲ್ಲ. ಹಾಗಾಗಿ ಅವರ ಹೆಸರುಗಳು ಬೀದಿಯ ಮಾತಿಗೆ ಇನ್ನೂ ಹತ್ತಿರ: ಇತ್ತೊ, ತಾಮು, ಫ್ರೇಹಾ, ಸುಲ್ತಾನಾ, ಯಾಕೂತ್, ಮಸೂದಾ. ಇತ್ತೊ ಅನ್ನುವುದು ಇವತ್ತಿಗೂ ಅಟ್ಲಾಸ್‌ನ ಅಮಾಜಿಘ್ ಹೆಂಗಸರ ಹೆಸರು. ಫ್ರೇಹಾ ಸಂತೋಷ, ಯಾಕೂತ್ ಮಾಣಿಕ್ಯ, ಇವು ಅರಬ್ಬಿ. ಅಡ್ಡಹೆಸರಿನ ಪಟ್ಟಿಗಳನ್ನಷ್ಟೇ ನೋಡಿ ಚರ್ಚೆ ಮಾಡುವವರು ಈ ಭಾಗವನ್ನು ಬಿಟ್ಟೇ ಬಿಡುತ್ತಾರೆ. ನನಗೆ ಅದು ಬೇಜಾರಿನ ಸಂಗತಿ.

ಬೆಳಗಾವಿಯಿಂದ
ಹಾಗಾದರೆ ಎದುರು ದಿಕ್ಕಿನಲ್ಲೂ ನಡೆದಿದೆಯಾ? ಮುಸ್ಲಿಮರಲ್ಲಿ ಯಹೂದಿ ಹೆಸರು?

ಮೇಷ್ಟ್ರು
ಫೆಜ್‌ನಲ್ಲಿದೆ. ಕೊಹೆನ್ ಅಂತಲೇ ಅಡ್ಡಹೆಸರಿರುವ ಮುಸ್ಲಿಂ ಮನೆತನಗಳಿವೆ. ಹಿಂದೆ ಇಸ್ಲಾಮಿಗೆ ಸೇರಿದ ಯಹೂದಿಗಳ ವಂಶ. ಮತಾಂತರಕ್ಕೆ ಹೆಸರಿನ ಸಾಕ್ಷಿ ಬೇಕು ಅಂತಿದ್ದಿರಲ್ಲ ಹುಬ್ಳಿಯವರೇ, ಇಲ್ಲಿ ನಿಜವಾಗಿ ಇದೆ, ಆದರೆ ನೀವು ಹುಡುಕುತ್ತಿದ್ದ ದಿಕ್ಕಿನಲ್ಲಿ ಅಲ್ಲ.

ಹುಬ್ಳಿ ಮಂದಿ
ಇದು ಹೊಸ ವಿಷಯ ಸರ್. ಆದರೆ ಕಾಹಿನಾ ವಿಷಯದಲ್ಲಿ ನನ್ನ ಅಭಿಪ್ರಾಯ ಅದೇ.

ಪ್ಯಾರಿಸ್ ಕನ್ನಡತಿ
ಇನ್ನೊಂದು ವಿಷಯ ಹೇಳಲೇಬೇಕು. ಮೊರಾಕೊದಲ್ಲಿ ಎಷ್ಟೋ ಅಮಾಜಿಘ್ ಅಪ್ಪ ಅಮ್ಮಂದಿರು ಮಗುವಿಗೆ ತಮ್ಮ ಭಾಷೆಯ ಹೆಸರು ಬರೆಸಲು ಹೋದರೆ ನೋಂದಣಿ ಗುಮಾಸ್ತರು ಒಪ್ಪುತ್ತಿರಲಿಲ್ಲ. ಇದು ಮೊರಾಕೊದ ಹೆಸರಲ್ಲ ಅಂತ ವಾಪಸ್ ಕಳಿಸುತ್ತಿದ್ದರು. 2010ರಲ್ಲಿ ಗೃಹ ಸಚಿವಾಲಯ ಸುತ್ತೋಲೆ ಹೊರಡಿಸಿದ ಮೇಲೆ ಸ್ವಲ್ಪ ಸಡಿಲವಾಯಿತು. 2011ರ ಸಂವಿಧಾನದಲ್ಲಿ ಅಮಾಜಿಘ್ ಅಧಿಕೃತ ಭಾಷೆಯಾಯಿತು. ಅದೇ ಸಂವಿಧಾನದ ಪೀಠಿಕೆ ದೇಶದ ಗುರುತಿನಲ್ಲಿ ಹೀಬ್ರೂ ಪರಂಪರೆಯೂ ಇದೆ ಎಂದು ಹೇಳುತ್ತದೆ. 1948ರ ಹೊತ್ತಿಗೆ ಸುಮಾರು ಎರಡೂವರೆ ಲಕ್ಷ ಯಹೂದಿಗಳಿದ್ದ ದೇಶ ಅದು. ಈಗ ಕೆಲವೇ ಸಾವಿರ.

ಕಡಲತಡಿ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಜ್ಜಿಯ ಮೊಮ್ಮಗಳು ಮನೆತನದ ಹಳೇ ಕಾಗದ ಹುಡುಕುತ್ತಿದ್ದಾಳೆ. ಅಡ್ಡಹೆಸರು ವಕ್ನಿನ್. ಮೊರಾಕೊದ ಪಟ್ಟಿಗಳಲ್ಲಿ 'ವ' ಅಕ್ಷರದಲ್ಲಿ ಏನೂ ಸಿಗುತ್ತಿಲ್ಲವಂತೆ.

ಶಾಸನಪ್ರಿಯ
ಸಿಗುವುದಿಲ್ಲ. 'ವ' ಬಂದದ್ದು ಇಸ್ರೇಲಿನಲ್ಲಿ, ಹೀಬ್ರೂವಿನ ವಾವ್ ಅಕ್ಷರವನ್ನು ಅಲ್ಲಿ ತುಟಿ ಕಚ್ಚಿ ಓದುವುದರಿಂದ. ಫ್ರೆಂಚರ ಕಾಲದ ಕಾಗದಗಳಲ್ಲಿ 'ಓ' ಮತ್ತು 'ಯು' ಅಕ್ಷರಗಳಿಂದ ಶುರುವಾಗುವ ಊಅಕ್ನಿನ್ ನೋಡಲು ಹೇಳಿ. ಇಂಗ್ಲಿಷ್ ಅಥವಾ ಸ್ಪ್ಯಾನಿಷ್ ಕಾಗದ ಇದ್ದರೆ 'ಡಬಲ್ ಯು' ಇರಬಹುದು. ಬರೀ ಅಕ್ನಿನ್, ಬೆನ್ ಅಕ್ನಿನ್ ಅಂತಲೂ ಹುಡುಕಲಿ. ಅಣ್ಣನ ಹೆಸರು ಒಂದು ಥರ, ತಮ್ಮನ ಹೆಸರು ಇನ್ನೊಂದು ಥರ ಬರೆದಿರುವುದೂ ಉಂಟು. ಅಜ್ಜಿಯ ಊರಿನ ಹೆಸರು, ಅವರ ಅಪ್ಪನ ಹೆಸರು ಎರಡನ್ನೂ ಈಗಲೇ ಬರೆದಿಟ್ಟುಕೊಳ್ಳಿ. ಒಂದೇ ಅಡ್ಡಹೆಸರಿನ ನೂರಾರು ಮನೆಗಳ ನಡುವೆ ಅವರ ಮನೆ ಯಾವುದು ಅಂತ ಗೊತ್ತಾಗುವುದು ಆ ಎರಡರಿಂದಲೇ.